ವಿಮಾನದ ಸದ್ದಿನಡಿಯ ನೀಲಿ ಚಿಟ್ಟೆ

ಲಾಸ್ ಏಂಜಲೀಸ್‌ನಿಂದ ಹೊರಡುವ ವಿಮಾನಗಳು ಹೆಚ್ಚಾಗಿ ಪಶ್ಚಿಮಕ್ಕೆ, ಅಂದರೆ ಸಮುದ್ರದ ಕಡೆಗೇ ಏರುತ್ತವೆ. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರೆ ಮೊಬೈಲ್ ಬದಿಗಿಟ್ಟು ಒಮ್ಮೆ ಕೆಳಗೆ ನೋಡಿ. ರನ್‌ವೇ ಮುಗಿದು ನೀರು ಶುರುವಾಗುವುದರೊಳಗೆ, ಕೆಲವೇ ಸೆಕೆಂಡು, ಒಂದು ವಿಚಿತ್ರ ಜಾಗ ಕಾಣುತ್ತದೆ. ಕಂದು-ಹಸಿರು ಕುರುಚಲು ತುಂಬಿದ ಮರಳ ದಿಬ್ಬ. ಅದರ ಮೇಲೆ ಅಂಕುಡೊಂಕಾಗಿ ಸಾಗುವ ಡಾಂಬರು ರಸ್ತೆಗಳು, ಅಲ್ಲಲ್ಲಿ ಹಳೆಯ ಕಟ್ಟೆಗೋಡೆ, ಒಂಟಿ ತಾಳೆಮರ. ರಸ್ತೆ ಇದೆ, ಮನೆ ಮಾತ್ರ ಒಂದೂ ಇಲ್ಲ. ಸುತ್ತ ಬೇಲಿ. ಕೋಟಿಗಟ್ಟಲೆ ಬೆಲೆಬಾಳುವ ಕಡಲತೀರದ ಜಾಗವನ್ನು ಹೀಗೆ ಖಾಲಿ ಬಿಟ್ಟಿದ್ದಾರಲ್ಲ, ಯಾವುದೋ ಕೋರ್ಟ್ ಕೇಸ್ ಇರಬೇಕು ಅಂತ ನನ್ನ ಸಹೋದ್ಯೋಗಿಯೊಬ್ಬ ಬಹಳ ಕಾಲ ನಂಬಿದ್ದ. ಬೆಂಗಳೂರಿನವನು ಬೇರೆ ಏನು ಯೋಚಿಸಿಯಾನು?

ಇದು ಸರ್ಫ್‌ರಿಡ್ಜ್ ಎಂಬ ಬಡಾವಣೆ ಇದ್ದ ಜಾಗ. 1920ರ ದಶಕದಲ್ಲಿ ಈ ದಿಬ್ಬದ ಮೇಲೆ ಸೈಟು ಮಾಡಿ ಮಾರಿದರು. ಎದುರಿಗೆ ಪೆಸಿಫಿಕ್ ಸಾಗರ, ಬೀಸುವ ಗಾಳಿ, ಶ್ರೀಮಂತರು ಬಂದು ಮನೆ ಕಟ್ಟಿಸಿಕೊಂಡರು. ಆಗ ಪಕ್ಕದ ವಿಮಾನ ನಿಲ್ದಾಣ ಹೊಲದ ನಡುವಿನ ಸಣ್ಣ ಮೈದಾನ. ಆಮೇಲೆ ಜೆಟ್ ವಿಮಾನಗಳು ಬಂದವು. ತಲೆಯ ಮೇಲೆ ನಿಮಿಷ ನಿಮಿಷಕ್ಕೂ ಕಿವಿ ಹರಿಯುವ ಸದ್ದು. ದೂರು, ದಾವೆಗಳ ನಂತರ 1960ರ ದಶಕದ ಮಧ್ಯದಿಂದ 70ರ ದಶಕದವರೆಗೆ ನಗರಾಡಳಿತ ಸುಮಾರು 800 ಮನೆಗಳನ್ನು ಸ್ವಾಧೀನಪಡಿಸಿಕೊಂಡು ಕೆಡವಿತು. ಕೆಲವರು ಖುಷಿಯಿಂದ ಹೋದರು, ಕೆಲವರು ಕೊನೆವರೆಗೂ ಹಟ ಹಿಡಿದು ಕೂತರು. ಕೊನೆಗೆ ಬರೀ ಬೀದಿಗಳು ಉಳಿದವು. ಅವುಗಳಲ್ಲೂ ಒಂದಷ್ಟನ್ನು ಇತ್ತೀಚಿನ ವರ್ಷಗಳಲ್ಲಿ ಕಿತ್ತು ಹಾಕಿದ್ದಾರೆ.

ಜನ ಹೋದ ಮೇಲೆ ಆ ದಿಬ್ಬದಲ್ಲಿ ಉಳಿದದ್ದು ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾದ ಒಂದು ಚಿಟ್ಟೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ್ದು, ಈ ಕರಾವಳಿಯ ತುಂಡಿನಲ್ಲಿ ಮಾತ್ರ ಇರುವಂಥದ್ದು. ಹೆಸರು ಎಲ್ ಸೆಗುಂಡೊ ಬ್ಲೂ.

ಈ ಹೆಸರಿನ ಕಥೆಯೂ ಸ್ವಾರಸ್ಯದ್ದೇ. ಎಲ್ ಸೆಗುಂಡೊ ಅಂದರೆ ಸ್ಪ್ಯಾನಿಷ್‌ನಲ್ಲಿ ‘ಎರಡನೆಯದು’. ಎಂಥದ್ದು ಎರಡನೆಯದು? ತೈಲ ಶುದ್ಧೀಕರಣ ಘಟಕ! ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ತನ್ನ ಎರಡನೇ ರಿಫೈನರಿಯನ್ನು 1911ರಲ್ಲಿ ಇಲ್ಲಿ ಶುರು ಮಾಡಿತು. ಅದರ ಸುತ್ತ ಬೆಳೆದ ಊರಿಗೂ ಅದೇ ಹೆಸರಾಯಿತು. ಈಗ ಆ ರಿಫೈನರಿ ಶೆವ್ರಾನ್ ಕಂಪನಿಯದು, ಸುಮಾರು ಸಾವಿರ ಎಕರೆ. ಹಾಗಾಗಿ ನಮ್ಮ ಈ ಪುಟ್ಟ ಚಿಟ್ಟೆಗೆ ಇರುವುದು ಒಂದು ಎಣ್ಣೆ ಕಾರ್ಖಾನೆಯ ಹೆಸರು. ಪಾಪ, ಅದಕ್ಕೆ ಅದೇನೂ ಗೊತ್ತಿಲ್ಲ.

ನನ್ನ ಆಫೀಸು ಇದೇ ಊರಲ್ಲಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಕಾರು ತೆಗೆದುಕೊಂಡು ಸಮುದ್ರದ ಬದಿಯ ವಿಸ್ಟಾ ಡೆಲ್ ಮಾರ್ ರಸ್ತೆಗೆ ಹೋಗುವುದು ನನಗೊಂದು ಚಟ. ಹೆಸರಿನ ಅರ್ಥ ‘ಸಮುದ್ರದ ನೋಟ’. ಉತ್ತರದಿಂದ ದಕ್ಷಿಣಕ್ಕೆ ಹೋದರೆ ಬಲಗಡೆ ಸಮುದ್ರವೇನೋ ಚಂದ ಕಾಣುತ್ತದೆ. ಎಡಗಡೆ ನೋಡಿ: ಮೊದಲು ವಿಮಾನ ನಿಲ್ದಾಣದ ದಿಬ್ಬ, ನಂತರ ಇಡೀ ಮಹಾನಗರದ ಕೊಳಚೆ ನೀರು ಶುದ್ಧ ಮಾಡುವ ಹೈಪೀರಿಯನ್ ಘಟಕ, ಅದರ ಬೆನ್ನಿಗೇ ಸ್ಕ್ಯಾಟರ್‌ಗುಡ್ ವಿದ್ಯುತ್ ಸ್ಥಾವರ, ಆಮೇಲೆ ರಿಫೈನರಿಯ ಟ್ಯಾಂಕುಗಳು. ಗಾಳಿ ತಿರುಗಿದ ದಿನ ಮೂಗು ಮುಚ್ಚಿಕೊಳ್ಳಬೇಕು. ಊರಿಗೆ ಬೇಕಾದ, ಆದರೆ ಯಾರಿಗೂ ತಮ್ಮ ಮನೆ ಪಕ್ಕ ಬೇಡವಾದ ಎಲ್ಲವನ್ನೂ ತಂದು ಈ ಸಾಲಿನಲ್ಲಿ ಇಟ್ಟ ಹಾಗಿದೆ. ಸುರತ್ಕಲ್ ಕಡೆಯವಳಾದ ನನಗೆ ಇದು ಹೊಸ ನೋಟವೇನಲ್ಲ. ಒಂದು ಕಡೆ ಬಂದರು, ಇನ್ನೊಂದು ಕಡೆ ಗೊಬ್ಬರದ ಕಾರ್ಖಾನೆ, ರಾತ್ರಿಯಾದರೆ ಗುಡ್ಡದ ಮೇಲೆ ಎಂಆರ್‌ಪಿಎಲ್ ದೀಪಗಳು, ಇವುಗಳ ನಡುವೆಯೇ ಆಡಿ ಬೆಳೆದದ್ದು.

ಚಿಟ್ಟೆಯ ವಿಷಯಕ್ಕೆ ಬರೋಣ. ಗಂಡು ಚಿಟ್ಟೆಯ ರೆಕ್ಕೆಯ ಮೇಲ್ಭಾಗ ಹೊಳೆಯುವ ನೀಲಿ. ಹೆಣ್ಣಿನದು ಕಂದು, ಹಿಂದಿನ ರೆಕ್ಕೆಯ ಅಂಚಿಗೆ ಕಿತ್ತಳೆ ಬಣ್ಣದ ಪಟ್ಟಿ. ರೆಕ್ಕೆ ಮುಚ್ಚಿ ಕೂತರೆ ಎರಡೂ ಒಂದೇ, ಬೂದು ಬಣ್ಣದ ಮೇಲೆ ಕರಿ ಚುಕ್ಕಿ. ಪೊದೆಯ ಮೇಲೆ ಕೂತಿದ್ದರೆ ಒಣಗಿದ ಹೂವು ಅಂದುಕೊಂಡು ದಾಟಿ ಹೋಗುತ್ತೀರಿ.

ಇದರ ಬದುಕು ಪೂರ್ತಿ ಒಂದೇ ಗಿಡದ ಮೇಲೆ. ಆ ಗಿಡಕ್ಕೆ ಕೋಸ್ಟ್ ಬಕ್‌ವೀಟ್ ಎನ್ನುತ್ತಾರೆ. ನಮ್ಮ ಉತ್ತರ ಭಾರತದ ಗೆಳತಿಯರು ಉಪವಾಸಕ್ಕೆ ರೊಟ್ಟಿ ಮಾಡುವ ಕುಟ್ಟು ಹಿಟ್ಟಿನ ಗಿಡದ ಕುಟುಂಬದ್ದೇ, ಆದರೆ ಇದರಿಂದ ಹಿಟ್ಟು ಬರುವುದಿಲ್ಲ. ಮೊಣಕಾಲೆತ್ತರದ ಪೊದೆ, ಬೇಸಗೆಯಲ್ಲಿ ತುದಿಯಲ್ಲಿ ಗುಂಡು ಗುಂಡಾಗಿ ಬಿಳಿ-ಗುಲಾಬಿ ಹೂಗೊಂಚಲು ಬಿಡುತ್ತದೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಆರಂಭದವರೆಗೆ, ಹೂ ಅರಳುವ ಹೊತ್ತಿಗೆ ಸರಿಯಾಗಿ, ಚಿಟ್ಟೆಗಳು ಮಣ್ಣಿನಿಂದ ಎದ್ದು ಬರುತ್ತವೆ. ಅದೇ ಹೂವಿನ ಮಕರಂದ ಕುಡಿಯುತ್ತವೆ, ಅದೇ ಹೂವಿನ ಮೇಲೆ ಜೋಡಿಯಾಗುತ್ತವೆ, ಅದರಲ್ಲೇ ಮೊಟ್ಟೆ ಇಡುತ್ತವೆ. ಒಂದು ಚಿಟ್ಟೆಯ ಆಯುಸ್ಸು ಕೆಲವು ದಿನ, ಹೆಚ್ಚೆಂದರೆ ಎರಡು ವಾರ. ಮೂರರಿಂದ ಐದು ದಿನದಲ್ಲಿ ಮೊಟ್ಟೆಯೊಡೆದು ಬರುವ ಮರಿಹುಳ ಎಲೆಯನ್ನು ಮುಟ್ಟುವುದಿಲ್ಲ. ಅದಕ್ಕೆ ಹೂವು ಮತ್ತು ಎಳೆ ಬೀಜವೇ ಬೇಕು. ಹುಳದ ಮೈಯಿಂದ ಸಿಹಿ ದ್ರವವೊಂದು ಒಸರುತ್ತದೆ, ಅದಕ್ಕಾಗಿ ಇರುವೆಗಳು ಮುತ್ತಿಕೊಳ್ಳುತ್ತವೆ, ಹುಳದೊಳಗೆ ಮೊಟ್ಟೆಯಿಡಲು ಬರುವ ಕಣಜಗಳನ್ನು ಓಡಿಸುತ್ತವೆ. ಒಂಥರಾ ಸಂಬಳಕ್ಕಿಟ್ಟ ಕಾವಲುಗಾರರು. ಮೂರು ವಾರದ ಆಸುಪಾಸಿನಲ್ಲಿ ಹುಳ ಗಿಡದ ಬುಡಕ್ಕೆ ಇಳಿದು, ಉದುರಿದ ಎಲೆ ಮತ್ತು ಮರಳಿನಲ್ಲಿ ಪ್ಯೂಪಾ ಆಗಿ ಮಲಗುತ್ತದೆ. ಮುಂದಿನ ಬೇಸಗೆವರೆಗೂ ಅಲ್ಲೇ. ಕೆಲವಂತೂ ಎರಡು ವರ್ಷ, ಅದಕ್ಕೂ ಹೆಚ್ಚು ಕಾಲ ಕಾಯುತ್ತವೆ.

ನಮ್ಮ ಕೆಲಸದಲ್ಲಿ ಒಂದೇ ಒಂದು ಹಳೆಯ ಲೈಬ್ರರಿಯ ಮೇಲೆ ನಿಂತಿರುವ ಪ್ರೋಗ್ರಾಂಗಳಿರುತ್ತವೆ. ಅದನ್ನು ಯಾರಾದರೂ ತೆಗೆದರೆ ಮುಗಿಯಿತು. ಈ ಚಿಟ್ಟೆಯ ಸ್ಥಿತಿ ಹಾಗೇ. ಗಿಡ ಹೋದರೆ ಚಿಟ್ಟೆ ಹೋಯಿತು. ಗಿಡ ಇದ್ದು ಹೂ ಬಿಡುವ ಹೊತ್ತಿಗೆ ಯಾರೋ ‘ಕ್ಲೀನ್’ ಮಾಡಲು ತಲೆ ಕತ್ತರಿಸಿದರೂ ಹೋಯಿತು. ಗಿಡದ ಬುಡದ ಮರಳನ್ನು ಕೆದಕಿದರೂ ಅಷ್ಟೇ.

ಹಿಂದೆ ಈ ಮರಳ ದಿಬ್ಬಗಳು ಈಗಿನ ಪ್ಲಾಯಾ ಡೆಲ್ ರೇಯಿಂದ ಪಾಲೋಸ್ ವರ್ಡೆಸ್ ಗುಡ್ಡದ ಬುಡದವರೆಗೆ ಸಾವಿರಾರು ಎಕರೆ ಹಬ್ಬಿದ್ದವು. ಅದರಲ್ಲಿ ಒಂದೊಂದೇ ಭಾಗ ಊರಾಯಿತು, ರಿಫೈನರಿಯಾಯಿತು, ರನ್‌ವೇ ಆಯಿತು. ಈಗ ಹೇಳಿಕೊಳ್ಳುವಂಥ ದೊಡ್ಡ ತುಂಡು ಎಂದರೆ ವಿಮಾನ ನಿಲ್ದಾಣದ ಬೇಲಿಯೊಳಗಿನ 300 ಎಕರೆ. 1976ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಕ್ಯಾಲಿಫೋರ್ನಿಯಾದ ಆರು ಚಿಟ್ಟೆಗಳನ್ನು ಒಟ್ಟಿಗೇ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಆ ದೇಶದ ಪಟ್ಟಿಗೆ ಮೊದಮೊದಲು ಸೇರಿದ ಕೀಟಗಳಲ್ಲಿ ಎಲ್ ಸೆಗುಂಡೊ ಬ್ಲೂ ಕೂಡ ಒಂದು.

ಪಟ್ಟಿಗೆ ಸೇರಿದ ತಕ್ಷಣ ಉಳಿಯಿತು ಅಂದುಕೊಳ್ಳಬೇಡಿ. ಅದೇ ಹೊತ್ತಿಗೆ ಒಂದು ಎಡವಟ್ಟಾಗಿತ್ತು. ದಿಬ್ಬದ ಪಕ್ಕದ ಪರ್ಷಿಂಗ್ ಡ್ರೈವ್ ರಸ್ತೆಯ ಕೆಲಸ ನಡೆದ ಮೇಲೆ ಮರಳು ಹಾರದಂತೆ ಗಿಡ ಬೆಳೆಸೋಣ ಅಂತ ಬೀಜ ಎರಚಿದರು. ಅದರಲ್ಲಿ ಬಕ್‌ವೀಟ್ ಕೂಡ ಇತ್ತು. ಒಳ್ಳೆಯದೇ ಆಯಿತಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಬೇರೆ ಬಕ್‌ವೀಟ್, ಈ ದಿಬ್ಬದ್ದಲ್ಲದ ತಳಿ. ಅದು ಮೊದಲೇ ಹೂ ಬಿಡುತ್ತದೆ. ಆ ಹೂವಿನ ಮೇಲೆ ಬೇರೆ ಪತಂಗಗಳ ಹುಳಗಳು ಕೊಬ್ಬಿ ಬೆಳೆದು, ಆಮೇಲೆ ನಿಧಾನಕ್ಕೆ ಅರಳುವ ಕರಾವಳಿಯ ಬಕ್‌ವೀಟಿಗೂ ದಾಳಿ ಇಟ್ಟು, ನೀಲಿ ಚಿಟ್ಟೆಯ ಮರಿಗಳ ಪಾಲನ್ನು ತಿಂದುಹಾಕಿದವು. ಹೊರಗಿನಿಂದ ನೋಡಿದವರಿಗೆ ದಿಬ್ಬ ಹಸಿರು ಹಸಿರು. ಒಳಗೆ ಚಿಟ್ಟೆ ಕಡಿಮೆಯಾಗುತ್ತಲೇ ಹೋಯಿತು. ವನಮಹೋತ್ಸವ ಮಾಡುವವರಿಗೆ ನಾನು ಈ ಕಥೆಯನ್ನು ಹುಡುಕಿಕೊಂಡು ಹೋಗಿ ಹೇಳುತ್ತೇನೆ.

ಇನ್ನೊಂದು ಶತ್ರು ಐಸ್‌ಪ್ಲಾಂಟ್. ದಕ್ಷಿಣ ಆಫ್ರಿಕಾದಿಂದ ತಂದದ್ದು, ದಪ್ಪ ರಸಭರಿತ ಎಲೆ, ಚಾಪೆ ಹಾಸಿದ ಹಾಗೆ ಹಬ್ಬುತ್ತದೆ. ಕ್ಯಾಲಿಫೋರ್ನಿಯಾ ಬೀಚುಗಳ ಫೋಟೊದಲ್ಲಿ ಹಳದಿ-ಗುಲಾಬಿ ಹೂವಿನ ಹಾಸು ಕಂಡರೆ ಅದು ಇದೇ. ಅದರ ಕೆಳಗೆ ಬೇರೇನೂ ಮೊಳೆಯುವುದಿಲ್ಲ.

1980ರ ದಶಕದಲ್ಲಿ ಈ ದಿಬ್ಬದ ಮೇಲೆ ಗಾಲ್ಫ್ ಮೈದಾನ ಮಾಡುವ ಯೋಜನೆಯೂ ಬಂದಿತ್ತು. ಜನ ವಾಸಿಸಲು ಆಗದ ಜಾಗದಲ್ಲಿ ಗಾಲ್ಫ್ ಆಡಬಹುದಲ್ಲ! ವಿರೋಧ ಬಂತು, ಯೋಜನೆ ಬಿತ್ತು, ಕೊನೆಗೆ ಸುಮಾರು 200 ಎಕರೆಯನ್ನು ಚಿಟ್ಟೆಯ ನೆಲೆ ಅಂತ ಮೀಸಲಿಟ್ಟರು. ರೂಡಿ ಮಟೋನಿ ಎಂಬ ಚಿಟ್ಟೆ ತಜ್ಞರು ಆ ಕಾಲದಲ್ಲಿ ಇಲ್ಲಿನ ಕೆಲಸವನ್ನು ಮುಂದೆ ನಿಂತು ಮಾಡಿಸಿದವರು. ಈ ಚಿಟ್ಟೆ ಸೇರುವ ಯೂಫಿಲೋಟಿಸ್ ಎಂಬ ಕುಲಕ್ಕೆ ಹೆಸರಿಟ್ಟವರೂ ಅವರೇ. ಮಾಡಿದ್ದೇನು ಅಂದರೆ ಸರಳ ಮತ್ತು ಬೇಸರದ ಕೆಲಸ: ಹೊರಗಿನ ಗಿಡಗಳನ್ನು ಕೀಳುವುದು, ದಿಬ್ಬದ್ದೇ ಬೀಜದಿಂದ ಸರಿಯಾದ ಬಕ್‌ವೀಟ್ ಬೆಳೆಸಿ ನೆಡುವುದು, ಮತ್ತೆ ಕೀಳುವುದು. ಹೀಗೆ ವರ್ಷಗಟ್ಟಲೆ. ಒಂದು ಕಾಲಕ್ಕೆ ಕೆಲವು ನೂರಕ್ಕೆ ಇಳಿದಿದ್ದ ಚಿಟ್ಟೆಗಳ ಸಂಖ್ಯೆ ಆಮೇಲಿನ ಒಳ್ಳೆಯ ವರ್ಷಗಳಲ್ಲಿ ಲಕ್ಷ ದಾಟಿದೆ ಅಂತ ಅಂದಾಜು ಮಾಡಿದ್ದಾರೆ. ಸಾಲು ಹಿಡಿದು ನಡೆದು, ಕಂಡಷ್ಟನ್ನು ಎಣಿಸಿ, ಲೆಕ್ಕ ಹಾಕಿ ಬರುವ ಅಂದಾಜು ಅದು. ಮಳೆ ಕೈಕೊಟ್ಟ ವರ್ಷ ಹೂವೂ ಕಡಿಮೆ, ಚಿಟ್ಟೆಯೂ ಕಡಿಮೆ.

ಚಿಟ್ಟೆಗಳಿರುವ ಮೀಸಲು ಜಾಗದೊಳಗೆ ನಾವು ನೀವು ಹೋಗುವ ಹಾಗಿಲ್ಲ. ಆದರೆ ದಿಬ್ಬದ ಉತ್ತರ ತುದಿಯಲ್ಲಿ ಆಗಾಗ ಸ್ವಯಂಸೇವಕರನ್ನು ಕರೆಸಿ ಕಳೆ ಕೀಳಿಸುತ್ತಾರೆ. ಎರಡು ವರ್ಷದ ಹಿಂದೆ ಅಪ್ಪ-ಅಮ್ಮ ಬಂದಿದ್ದಾಗ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅಪ್ಪ “ಅಮೆರಿಕಕ್ಕೆ ಬಂದು ಹುಲ್ಲು ಕೀಳುವುದಾ? ನೀವೇ ಹೋಗಿ” ಅಂತ ಹೇಳಿ ಮನೆಯಲ್ಲಿ ಟಿವಿ ಮುಂದೆ ಉಳಿದರು.

ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮೋಡ ಕವಿದಿತ್ತು, ಸಮುದ್ರದಿಂದ ತಣ್ಣನೆ ಗಾಳಿ. ಕೈಗವಸು ಕೊಟ್ಟು, ಯಾವುದನ್ನು ಕೀಳಬೇಕು, ಯಾವುದನ್ನು ಮುಟ್ಟಬಾರದು ಅಂತ ತೋರಿಸಿದರು. ಅಮ್ಮನಿಗೆ ಮೊದಲು ಕೀಳಲು ಸಿಕ್ಕಿದ್ದೇ ಒಂದು ಬಗೆಯ ಕಾಡುಸಾಸಿವೆ. ಹಳದಿ ಹೂ ತುಂಬಿತ್ತು. ಅಮ್ಮ ಬೀಜದ ಕೋಡನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, “ಸಾಸಿವೆಯಲ್ವಾ ಮಾರಾಯ್ತಿ ಇದು? ಇದನ್ನು ಕಿತ್ತು ಎಸೆಯುವುದಾ? ಲಕ್ಷಣ ಉಂಟಾ ಇವರಿಗೆ?” ಅಂದರು. ಅದು ಹೊರಗಿನಿಂದ ಬಂದು ಇಲ್ಲಿನ ಗಿಡಗಳ ಜಾಗ ನುಂಗುತ್ತಿದೆ ಅಂತ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಹೊರಗಿನಿಂದ ಬಂದವರೇ” ಅಂತ ಅಂದು ಕೀಳಲು ಶುರು ಮಾಡಿದರು. ತೋಟದಲ್ಲಿ ಕಳೆ ತೆಗೆದ ಕೈ, ಬೇರಿನ ಸಮೇತ ಬರುತ್ತಿತ್ತು. ಒಂದು ಗಂಟೆಯಲ್ಲಿ ಅಮ್ಮನ ಚೀಲ ತುಂಬಿತು. ನನ್ನದು ಅರ್ಧ. ನಮ್ಮ ತಂಡದ ಮೇಲ್ವಿಚಾರಕಿ ಬಂದು ಅಮ್ಮನ ಕೈ ಕುಲುಕಿದರು.

ಪ್ರತಿ ಎರಡು ನಿಮಿಷಕ್ಕೊಮ್ಮೆ ವಿಮಾನ ಏರುತ್ತದೆ. ಆಗ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಸದ್ದು ಮುಗಿದ ಮೇಲೆ ವಾಕ್ಯದ ಉಳಿದರ್ಧ ಹೇಳುತ್ತಾರೆ. ಅಮ್ಮನಿಗೆ ಇದೊಂದು ಆಟವೇ ಆಯಿತು. ಮರಳಿನ ಮೇಲೆ ಹಬ್ಬಿದ್ದ ದಪ್ಪ ಎಲೆಯ, ನೇರಳೆ-ಗುಲಾಬಿ ಹೂವಿನ ಸಣ್ಣ ಬಳ್ಳಿಯೊಂದನ್ನು ಕಂಡು “ನಮ್ಮ ಅಡುಂಬು ಬಳ್ಳಿಯ ತಂಗಿಯ ಹಾಗೆ ಉಂಟು” ಅಂದರು. ಅದು ಸ್ಯಾಂಡ್ ವರ್ಬೀನಾ. ಎರಡಕ್ಕೂ ರಕ್ತಸಂಬಂಧ ಏನೂ ಇಲ್ಲ, ಆದರೆ ಅಮ್ಮ ಹೇಳಿದ್ದು ತಪ್ಪೂ ಅಲ್ಲ. ಉಪ್ಪುಗಾಳಿ, ಸುಡುವ ಮರಳು, ನಿಲ್ಲದ ನೀರು ಇವೇ ಕಷ್ಟಗಳು ಎದುರಾದರೆ ಎಲ್ಲಿಯ ಗಿಡವಾದರೂ ಹೆಚ್ಚುಕಡಿಮೆ ಇದೇ ಉಪಾಯ ಹೂಡುತ್ತದೆ: ನೆಲಕ್ಕೆ ಅಂಟಿಕೊಂಡು ಹಬ್ಬು, ಎಲೆಯಲ್ಲಿ ನೀರು ಕೂಡಿಡು.

ಅವತ್ತು ನೀಲಿ ಚಿಟ್ಟೆ ಕಾಣಲಿಲ್ಲ. ಏಪ್ರಿಲ್ ತಿಂಗಳು, ಎಲ್ಲಾ ಮರಳಿನೊಳಗೆ ಮಲಗಿದ್ದ ಸಮಯ. “ಕಾಲ ಕೆಳಗೆ ಇರಬಹುದು” ಅಂತ ಮೇಲ್ವಿಚಾರಕಿ ಹೇಳಿದ ಮೇಲೆ ಅಮ್ಮ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಲಿಲ್ಲ.

ರಿಫೈನರಿಯ ಕಥೆ ಹೇಳದಿದ್ದರೆ ಅರ್ಧ ಹೇಳಿದ ಹಾಗಾಗುತ್ತದೆ. ಶೆವ್ರಾನ್ ಆವರಣದ ಮೂಲೆಯಲ್ಲೂ ಕರಾವಳಿಯ ಬಕ್‌ವೀಟ್ ಇರುವ ಎರಡು ಎಕರೆಗೂ ಕಡಿಮೆ ಜಾಗವನ್ನು 1975ರಲ್ಲಿ, ಅಂದರೆ ಚಿಟ್ಟೆ ಸರ್ಕಾರದ ಪಟ್ಟಿಗೆ ಸೇರುವ ಮೊದಲೇ, ಬೇಲಿ ಹಾಕಿ ಬಿಟ್ಟರು. ಸಾವಿರ ಎಕರೆಯಲ್ಲಿ ಎರಡು ಎಕರೆ! ಆದರೂ ಆ ಮೂಲೆಯಲ್ಲಿ ಚಿಟ್ಟೆ ಉಳಿಯಿತು. 1980ರ ದಶಕದಲ್ಲಿ ಕಂಪನಿ ‘ಪೀಪಲ್ ಡು’ ಎಂಬ ದೊಡ್ಡ ಜಾಹೀರಾತು ಸರಣಿ ಮಾಡಿದಾಗ ಈ ಚಿಟ್ಟೆಯನ್ನೂ ತೋರಿಸಿತು. ಚಿಟ್ಟೆಗೆ ಖರ್ಚು ಮಾಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ದುಡ್ಡನ್ನು ಆ ಜಾಹೀರಾತಿಗೆ ಸುರಿದಿದೆ ಎಂದು ಪರಿಸರದವರು ಟೀಕಿಸಿದರು. ನನಗೆ ಆ ಟೀಕೆ ಸರಿ ಅನ್ನಿಸುತ್ತದೆ. ಆ ಎರಡು ಎಕರೆಯೂ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಎರಡನ್ನೂ ಒಟ್ಟಿಗೇ ತಲೆಯಲ್ಲಿ ಇಟ್ಟುಕೊಳ್ಳಲು ನನಗೇನೂ ತೊಂದರೆಯಿಲ್ಲ. ಎಣ್ಣೆ ಕಂಪನಿಗೆ ಒಳ್ಳೆಯ ಹೆಸರು ಬೇಕಿತ್ತು, ಚಿಟ್ಟೆಗೆ ಬಕ್‌ವೀಟ್ ಬೇಕಿತ್ತು.

ಇದೇ ಊರ ದಕ್ಷಿಣಕ್ಕೆ ಇದರ ದಾಯಾದಿ ಪಾಲೋಸ್ ವರ್ಡೆಸ್ ಬ್ಲೂ ಎಂಬ ಇನ್ನೊಂದು ಚಿಟ್ಟೆ ಇದೆ. 1983ರ ನಂತರ ಯಾರ ಕಣ್ಣಿಗೂ ಬೀಳದೆ, ಮುಗಿದೇ ಹೋಯಿತು ಅಂದುಕೊಂಡಿದ್ದರು. 1994ರಲ್ಲಿ ಸ್ಯಾನ್ ಪೆಡ್ರೊದಲ್ಲಿರುವ ಮಿಲಿಟರಿಯ ಇಂಧನ ಡಿಪೋದೊಳಗೆ ಮಟೋನಿ ಮತ್ತು ಜೊತೆಗಾರರಿಗೆ ಅದು ಮತ್ತೆ ಸಿಕ್ಕಿತು. ಊರವರಿಗೆ ಪ್ರವೇಶವಿಲ್ಲದ, ಯಾರೂ ಬಡಾವಣೆ ಮಾಡಲಾಗದ ಜಾಗ. ನೆಲದಡಿಯಲ್ಲಿ ತೈಲದ ಟ್ಯಾಂಕು, ಮೇಲೆ ಚಿಟ್ಟೆ.

ಬೇಲಿ ಸಿಗದ ಚಿಟ್ಟೆಯ ಕಥೆ ಉತ್ತರದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದೆ. ನಮ್ಮ ಬಳಗದ ಅರ್ಧ ಜನ ಬಾಡಿಗೆ ಮನೆ ಹುಡುಕುವ ಅದರ ಪಶ್ಚಿಮ ಭಾಗ ಹಿಂದೆ ಬರೀ ಮರಳು ದಿಬ್ಬ. ಅಲ್ಲಿ ಜರ್ಸೀಸ್ ಬ್ಲೂ ಎಂಬ ಚಿಟ್ಟೆ ಇತ್ತು. ದಿಬ್ಬಗಳ ಮೇಲೆ ಸಾಲು ಮನೆ ಎದ್ದವು. 1940ರ ದಶಕದ ಆರಂಭದಲ್ಲಿ ಕಂಡದ್ದೇ ಕೊನೆ. ಅಮೆರಿಕದಲ್ಲಿ ಊರು ಬೆಳೆದ ಕಾರಣಕ್ಕೇ ಅಳಿದುಹೋದದ್ದು ಅಂತ ಮೊದಲಿಗೆ ಗುರುತಿಸಿದ ಚಿಟ್ಟೆ ಅದು. 1971ರಲ್ಲಿ ಶುರುವಾದ ಕೀಟ ಸಂರಕ್ಷಣೆಯ ಸಂಸ್ಥೆಯೊಂದು ತನಗೆ ಜರ್ಸೀಸ್ ಸೊಸೈಟಿ ಅಂತ ಅದರ ಹೆಸರನ್ನೇ ಇಟ್ಟುಕೊಂಡಿದೆ. 2024ರಲ್ಲಿ ಅಲ್ಲಿನ ಪ್ರೆಸಿಡಿಯೊ ದಿಬ್ಬಗಳಲ್ಲಿ ಅದರ ಹತ್ತಿರದ ಸಂಬಂಧಿಯಾದ ಸಿಲ್ವರಿ ಬ್ಲೂ ಎಂಬ ಚಿಟ್ಟೆಯನ್ನು ತಂದು ಬಿಟ್ಟರು. ಅದು ಜರ್ಸೀಸ್ ಅಲ್ಲ. ಜರ್ಸೀಸ್ ಇನ್ನು ಮ್ಯೂಸಿಯಮ್ಮಿನ ಡಬ್ಬಿಯಲ್ಲಿ ಪಿನ್ನು ಚುಚ್ಚಿಕೊಂಡು ಇರುತ್ತದೆ ಅಷ್ಟೇ.

ಇಷ್ಟೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಊರಿನಿಂದ ಬಂದ ಒಂದು ಫೋನ್. ನಮ್ಮ ಮನೆ ಸುರತ್ಕಲ್‌ನಿಂದ ಸ್ವಲ್ಪ ಉತ್ತರಕ್ಕೆ, ಹೆದ್ದಾರಿಯ ಪಶ್ಚಿಮಕ್ಕೆ. ಮನೆಗೂ ಕಡಲಿಗೂ ನಡುವೆ ಒಂದು ಸಣ್ಣ ಹೊಯಿಗೆ ದಿಬ್ಬ ಉಂಟು. ಅಡುಂಬು ಬಳ್ಳಿ, ಮುಳ್ಳು ಮುಳ್ಳಿನ ರಾವಣನ ಮೀಸೆ, ಹಿಂದೆ ಗಾಳಿಮರ. ರಾವಣನ ಮೀಸೆಯ ಒಣ ಉಂಡೆಗಳು ಗಾಳಿಗೆ ಬೀಚಿನಲ್ಲಿ ಉರುಳಿಕೊಂಡು ಹೋಗುವಾಗ ಬೆನ್ನಟ್ಟಿ ಓಡುವುದು ನಮ್ಮ ರಜೆಯ ಆಟ. ಕಾಲಿಗೆ ಚುಚ್ಚಿಸಿಕೊಂಡು ಬಂದು ಬೈಸಿಕೊಳ್ಳುವುದೂ ಅದರದ್ದೇ ಭಾಗ. ಈಗ ಅಲ್ಲಿ ಪಕ್ಕದ ಜಾಗ ಕೊಂಡವರು ದಿಬ್ಬವನ್ನು ಸಮತಟ್ಟು ಮಾಡಿ, ಲಾನ್ ಹಾಕಿ, ಕಾರು ನಿಲ್ಲಿಸಲು ಜಾಗ ಮಾಡಬೇಕು ಅಂತ ಇದ್ದಾರೆ. ಅಕ್ಕಪಕ್ಕದವರಿಗೂ ಆಸೆ ಹುಟ್ಟಿಸಿದ್ದಾರೆ. ಕುರ್ಚಿ ಹಾಕಿ ಕೂತರೆ ಸಮುದ್ರ ನೇರ ಕಾಣುತ್ತದೆ, ಜಾಗದ ಬೆಲೆಯೂ ಏರುತ್ತದೆ ಅಂತ. ಒಂದು ದಿನ ಜೆಸಿಬಿ ಬಂದು ನಿಂತಿತ್ತಂತೆ.

ಅಪ್ಪ ಬ್ಯಾಂಕಿನಲ್ಲಿ ಇದ್ದವರು. ಅವರಿಗೆ ಚಿಟ್ಟೆ-ಹೂವಿನ ಮಾತು ತಲೆಗೆ ಹೋಗುವುದಿಲ್ಲ, ಕಾಗದ ಹೋಗುತ್ತದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಸಿಆರ್‌ಝೆಡ್ ಅಂತೀವಲ್ಲ, ಅದರ 2011ರ ಆವೃತ್ತಿಯಲ್ಲೂ 2019ರ ಆವೃತ್ತಿಯಲ್ಲೂ ಮರಳ ದಿಬ್ಬಗಳನ್ನು ಅತಿ ಸೂಕ್ಷ್ಮ ಜಾಗಗಳ ಗುಂಪಿಗೆ ಸೇರಿಸಿದ್ದಾರೆ, ಮ್ಯಾಂಗ್ರೋವ್ ಮತ್ತು ಹವಳದ ದಿಬ್ಬಗಳ ಜೊತೆಗೆ. ಆ ಪುಟವನ್ನು ಅಪ್ಪನಿಗೆ ವಾಟ್ಸ್ಆ್ಯಪ್ ಮಾಡಿದೆ. ಮರುದಿನವೇ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ನೆರೆಯವರ ಮೀಟಿಂಗಿಗೆ ಹೋದರು. ಒಬ್ಬರು, “ಅಲ್ಲ ಮಾರಾಯ್ರೇ, ಆ ಹೊಯಿಗೆಯಲ್ಲಿ ಎಂತ ಉಂಟು ಅಂತ ಉಳಿಸುವುದು?” ಅಂತ ಕೇಳಿದರಂತೆ. ಅಪ್ಪನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಅಮ್ಮ ಹಿಂದಿನ ಕುರ್ಚಿಯಿಂದ ಎದ್ದು ನಿಂತು, ಲಾಸ್ ಏಂಜಲೀಸ್‌ನಲ್ಲಿ ವಿಮಾನ ನಿಲ್ದಾಣದವರು ಹೊಯಿಗೆ ದಿಬ್ಬಕ್ಕೆ ಬೇಲಿ ಹಾಕಿ ಕಾಯುವುದನ್ನು ಹೇಳಿದರಂತೆ. ತಾನು ಅಲ್ಲಿ ಸಾಸಿವೆ ಕಿತ್ತದ್ದನ್ನೂ. ಜನ ನಕ್ಕರಂತೆ, ಆದರೆ ಕೇಳಿದರಂತೆ. ಮತ್ತೆ ಅಮ್ಮ ಹೇಳಿದ್ದು ಚಿಟ್ಟೆಯ ಮಾತಲ್ಲ: “ಉಳ್ಳಾಲದಲ್ಲಿ ಕಲ್ಲು ಹಾಕಿ ಹಾಕಿ ಸಾಕಾಗಲಿಲ್ವಾ? ನಮ್ಮ ಎದುರು ಕಲ್ಲು ಹಾಕದೆ ನಿಂತದ್ದು ಈ ದಿಬ್ಬ ಒಂದೇ.” ಕಡಲ್ಕೊರೆತ ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಸದ್ಯಕ್ಕೆ ಜೆಸಿಬಿ ವಾಪಸ್ ಹೋಗಿದೆ. ಕರಾವಳಿ ವಲಯದ ನಕ್ಷೆಯಲ್ಲಿ ನಮ್ಮ ದಿಬ್ಬವನ್ನು ಏನೆಂದು ಗುರುತು ಮಾಡಿದ್ದಾರೆ ಅಂತ ನೋಡಲು ಅಪ್ಪ ಅರ್ಜಿ ಹಾಕಿದ್ದಾರೆ. ಮಳೆಗಾಲ ಮುಗಿಯುವವರೆಗೂ ಯಾರೂ ಏನೂ ಮಾಡುವುದಿಲ್ಲ, ಆಮೇಲೆ ನೋಡಬೇಕು.

ಎಲ್ ಸೆಗುಂಡೊ ಬ್ಲೂ ನೋಡುವ ಆಸೆ ಇದ್ದವರಿಗೆ ಒಂದು ಸಂತೋಷದ ವಿಷಯ. ಅದಕ್ಕೆ ಬೇಲಿ ಹಾರಬೇಕಾಗಿಲ್ಲ. ವಿಮಾನ ನಿಲ್ದಾಣದಿಂದ ಹತ್ತು-ಹನ್ನೆರಡು ಕಿಲೋಮೀಟರ್ ದಕ್ಷಿಣಕ್ಕೆ ರೆಡಾಂಡೊ ಬೀಚ್ ಮತ್ತು ಟಾರೆನ್ಸ್ ಊರುಗಳಿವೆ. ಅಲ್ಲಿನ ಎಸ್‌ಪ್ಲನೇಡ್ ರಸ್ತೆಯ ಕೆಳಗೆ, ಬೀಚಿಗೆ ಇಳಿಯುವ ಇಳಿಜಾರಿನಲ್ಲಿ ಐಸ್‌ಪ್ಲಾಂಟ್ ಕಿತ್ತು ಕರಾವಳಿಯ ಬಕ್‌ವೀಟ್ ನೆಟ್ಟರು. ಚಿಟ್ಟೆಯನ್ನು ಯಾರೂ ತಂದು ಬಿಡಲಿಲ್ಲ. ಇನ್ನೂ ದಕ್ಷಿಣದ ಮಲಾಗಾ ಕೋವ್ ಬಳಿ ಒಂದು ಚಿಕ್ಕ ಗುಂಪು ಹೇಗೋ ಉಳಿದುಕೊಂಡಿತ್ತು. 2007ರಲ್ಲಿ ನೋಡಿದರೆ ಹೊಸ ಗಿಡಗಳ ಮೇಲೆ ನೀಲಿ ಚಿಟ್ಟೆ ಹಾಜರ್.

ಜುಲೈ ತಿಂಗಳು ಒಳ್ಳೆಯದು. ಬೆಳಗಿನ ಮೋಡ ಕರಗಿ ಬಿಸಿಲು ಬಂದ ಮೇಲೆ, ಹನ್ನೊಂದರ ನಂತರ ಹೋಗಿ. ಗಾಳಿ ಜೋರಿದ್ದರೆ ಚಿಟ್ಟೆ ಹಾರುವುದಿಲ್ಲ, ಪೊದೆಯೊಳಗೆ ಕೂತಿರುತ್ತದೆ. ಮೇಲಿನ ರಸ್ತೆಯಿಂದ ಮೆಟ್ಟಿಲಿಳಿದು ಹೋಗುವಾಗ ಎರಡೂ ಬದಿಗೆ ಗುಂಡು ಹೂಗೊಂಚಲಿನ ಪೊದೆಗಳು ಕಾಣುತ್ತವೆ. ಒಂದರ ಮುಂದೆ ಸುಮ್ಮನೆ ಐದು ನಿಮಿಷ ನಿಲ್ಲಿ. ಮಕ್ಕಳನ್ನು ಕರೆದುಕೊಂಡು ಹೋದರೆ ಅವರಿಗೇ ಮೊದಲು ಕಾಣುತ್ತದೆ, ಅವರ ಕಣ್ಣು ಅದೇ ಎತ್ತರದಲ್ಲಿರುತ್ತದೆ. ಮೆಟ್ಟಿಲು, ದಾರಿ ಬಿಟ್ಟು ಪೊದೆಯ ಬುಡಕ್ಕೆ ಮಾತ್ರ ಕಾಲಿಡಬೇಡಿ. ಮುಂದಿನ ವರ್ಷದ ಚಿಟ್ಟೆಗಳು ಅಲ್ಲೇ ಮಲಗಿರುತ್ತವೆ. ಪಾರ್ಕಿಂಗ್ ಮೀಟರಿಗೆ ಹಾಕಲು ಚಿಲ್ಲರೆ ಇಟ್ಟುಕೊಂಡಿರಿ.